ಬೆಟ್ಟವೇರಿದಂತೆ ಬದಲಾಗುವ ಪಾತರಗಿತ್ತಿ ಲೋಕ

ಪಶ್ಚಿಮ ಘಟ್ಟಗಳಲ್ಲಿ 330ಕ್ಕೂ ಹೆಚ್ಚು ಪ್ರಭೇದಗಳ ಚಿಟ್ಟೆಗಳಿವೆ. ಆದರೆ ಎಲ್ಲ ಎತ್ತರಗಳಲ್ಲೂ ಅವು ಸಮನಾಗಿ ಹಂಚಿಹೋಗಿಲ್ಲ. ತಪ್ಪಲು ಹಾಗೂ ಮಧ್ಯಮ ಎತ್ತರದ ಕಾಡುಗಳಲ್ಲಿ ಪ್ರಭೇದಗಳು ಹೇರಳ. ಶಿಖರಗಳತ್ತ ಸಾಗಿದಂತೆ ವಿರಳ.

ಪ್ರತಿ ಸಾವಿರ ಮೀಟರ್ ಏರಿದಾಗ ಉಷ್ಣಾಂಶ ಸುಮಾರು 6 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಚಿಟ್ಟೆ ಹಾರಬೇಕಾದರೆ ಸಾಮಾನ್ಯವಾಗಿ ಬಿಸಿಲಿಗೆ ಮೈ ಕಾಯಿಸಿಕೊಳ್ಳಬೇಕು. ಮಂಜು ಕವಿದ ಶಿಖರಗಳಲ್ಲಿ ಅದಕ್ಕೆ ಸಿಗುವ ಅವಕಾಶ ಅಲ್ಪ. ಇದಕ್ಕಿಂತಲೂ ನಿರ್ಣಾಯಕವಾದುದು ಮರಿಹುಳುವಿನ ಆಹಾರ. ಪ್ರತಿಯೊಂದು ಪ್ರಭೇದವೂ ಕೆಲವೇ ಸಸ್ಯಗಳ ಮೇಲೆ ಮೊಟ್ಟೆಯಿಡುತ್ತದೆ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಈಶ್ವರಿ ಬಳ್ಳಿ ಹಾಗೂ ಅದರ ಕುಟುಂಬದ ಗಿಡಗಳನ್ನು ಅವಲಂಬಿಸಿದೆ. ಅವು ಇಲ್ಲದೆಡೆ ಅದರ ಸಂತಾನವಿಲ್ಲ. ಬೆಟ್ಟದ ತುದಿಯಲ್ಲಿ ಚಿಟ್ಟೆಗಳ ಗುಂಪು ಕಂಡವರು ಅವೆಲ್ಲ ಅಲ್ಲಿಯವೇ ಎಂದು ಭಾವಿಸಬೇಕಿಲ್ಲ. ಹಲವು ಪ್ರಭೇದಗಳ ಗಂಡು ಚಿಟ್ಟೆಗಳು ಸಂಗಾತಿಯನ್ನರಸಿ ಕೆಳಗಿನ ಕಾಡುಗಳಿಂದ ಶಿಖರಕ್ಕೆ ಬರುವುದುಂಟು.

ಎತ್ತರದಲ್ಲಿ ಸಂಖ್ಯೆ ಕಡಿಮೆಯೆಂದ ಮಾತ್ರಕ್ಕೆ ಮಹತ್ವ ಕಡಿಮೆಯಲ್ಲ. ನೀಲಗಿರಿ ಕ್ಲೌಡೆಡ್ ಯೆಲ್ಲೋ, ನೀಲಗಿರಿ ಫ್ರಿಟಿಲರಿ ಚಿಟ್ಟೆಗಳು ನೀಲಗಿರಿ, ಪಳನಿಯಂಥ ಬೆಟ್ಟಗಳ ಮೇಲ್ಭಾಗದ ಹುಲ್ಲುಗಾವಲುಗಳಲ್ಲಿ ಮಾತ್ರ ನೆಲೆಸಿವೆ. ಫ್ರಿಟಿಲರಿಯ ಮರಿಹುಳುಗಳಿಗೆ ಅಲ್ಲಿನ ಹುಲ್ಲಿನ ನಡುವೆ ಬೆಳೆಯುವ ವಯೋಲಾ ಎಂಬ ಪುಟ್ಟ ಸಸ್ಯವೇ ಆಹಾರ. ರೆಡ್‌ಡಿಸ್ಕ್ ಬುಷ್‌ಬ್ರೌನ್ ಎಂಬ ಕಂದು ಚಿಟ್ಟೆಯಂತೂ ಪಾಲ್ಘಾಟ್ ಕಣಿವೆಯ ದಕ್ಷಿಣದ ಬೆಟ್ಟಗಳಿಗೇ ಸೀಮಿತ. ಸುಮಾರು 30 ಕಿ.ಮೀ. ಅಗಲದ ಆ ತಗ್ಗುಪ್ರದೇಶ ಶಿಖರವಾಸಿಗಳ ಪಾಲಿಗೆ ಸಮುದ್ರವಿದ್ದಂತೆ.

ತಾಪಮಾನ ಏರಿದರೆ ತಪ್ಪಲಿನ ಚಿಟ್ಟೆಗಳು ಮೇಲಕ್ಕೆ ಸರಿಯಬಹುದು. ದಕ್ಷಿಣ ಕರ್ನಾಟಕದ ಗಡಿಗೆ ಹೊಂದಿಕೊಂಡಿರುವ ನೀಲಗಿರಿಯ ದೊಡ್ಡಬೆಟ್ಟದ ಎತ್ತರ 2,637 ಮೀಟರ್. ನಮ್ಮ ಮುಳ್ಳಯ್ಯನಗಿರಿಯದು ಸುಮಾರು 1,930 ಮೀಟರ್. ತುದಿಯ ಚಿಟ್ಟೆಗಳಿಗೆ ಅದರಾಚೆ ಜಾಗವಿಲ್ಲ.

ಇರುವ ಜಾಗವೂ ಕುಗ್ಗಿದೆ. ಬ್ರಿಟಿಷರು 19ನೇ ಶತಮಾನದಲ್ಲಿ ಆಸ್ಟ್ರೇಲಿಯಾದಿಂದ ತಂದ ವ್ಯಾಟಲ್ ಮತ್ತು ಯುಕಲಿಪ್ಟಸ್ ಮರಗಳು ಹುಲ್ಲುಗಾವಲನ್ನು ಆವರಿಸಿವೆ. ಯುಕಲಿಪ್ಟಸ್‌ಗೆ ಕನ್ನಡಿಗರು ಇಟ್ಟ ಹೆಸರು ‘ನೀಲಗಿರಿ’ ಎಂಬುದೇ ವಿಪರ್ಯಾಸ. ಮರ ಕಡಿದಾಕ್ಷಣ ಹುಲ್ಲು ಮರಳುವುದಿಲ್ಲ. ವ್ಯಾಟಲ್ ಬೀಜಗಳು ದಶಕಗಳ ಕಾಲ ಮಣ್ಣಿನಲ್ಲಿ ಜೀವಂತವಾಗಿದ್ದು, ಬೆಳಕು ಬಿದ್ದೊಡನೆ ಮತ್ತೆ ಮೊಳೆಯುತ್ತವೆ. ಪ್ರತಿವರ್ಷ ಸಸಿಗಳನ್ನು ಬೇರುಸಮೇತ ಕಿತ್ತರಷ್ಟೇ ವಯೋಲಾಗೆ ನೆಲ ದೊರೆಯುತ್ತದೆ.