ಶ್ರೀ ಕೃಷ್ಣದೇವರಾಯ (ಚಲನಚಿತ್ರ)

ಬಿ. ಆರ್. ಪಂತುಲು ನಿರ್ಮಿಸಿ ನಿರ್ದೇಶಿಸಿದ ಕನ್ನಡದ ಐತಿಹಾಸಿಕ ವರ್ಣಚಿತ್ರ; ತೆರೆಕಂಡದ್ದು 1970ರಲ್ಲಿ. ವಿಜಯನಗರದ ತುಳುವ ವಂಶದ ದೊರೆ ಕೃಷ್ಣದೇವರಾಯನಾಗಿ (ಆಳ್ವಿಕೆ 1509–1529) ರಾಜ್‌ಕುಮಾರ್ ನಟಿಸಿದ್ದಾರೆ. ಮಹಾಮಂತ್ರಿ ತಿಮ್ಮರಸುವಿನ ಪಾತ್ರ ಸ್ವತಃ ಪಂತುಲು ಅವರದು; ಈ ಅಭಿನಯಕ್ಕೆ ಅವರಿಗೆ ರಾಜ್ಯ ಪ್ರಶಸ್ತಿ ಸಂದಿತು. ಭಾರತಿ ಮತ್ತು ಜಯಂತಿ ನಾಯಕಿಯರು; ತೆನಾಲಿ ರಾಮಕೃಷ್ಣನಾಗಿ ನರಸಿಂಹರಾಜು ಇದ್ದಾರೆ. ಸಂಗೀತ ಟಿ. ಜಿ. ಲಿಂಗಪ್ಪ ಅವರದು.

ಚರಿತ್ರೆಯ ಆಧಾರ

ಅರಸುಮನೆತನದವನೊಬ್ಬ ನರ್ತಕಿಗೆ ಮನಸೋಲುವ ಕಥೆ ಭಾರತೀಯ ಚಿತ್ರರಂಗಕ್ಕೆ ಹೊಸದಲ್ಲ. ಅದರ ಅತಿ ಪ್ರಸಿದ್ಧ ರೂಪ ಕೆ. ಆಸಿಫ್ ಅವರ ಹಿಂದಿ ಚಿತ್ರ ‘ಮೊಘಲ್-ಎ-ಆಜಂ’ (1960). ಅಲ್ಲಿ ಅಕ್ಬರನ ಮಗ ಸಲೀಮನ ಪ್ರೇಯಸಿಯಾಗಿ ಬರುವ ಅನಾರ್ಕಲಿಗೆ ಅಕ್ಬರನ ಕಾಲದ ಭಾರತೀಯ ಇತಿಹಾಸಕಾರರ ಬರಹದಲ್ಲಿ ಆಧಾರ ಸಿಗುವುದಿಲ್ಲ. ಅವಳು ಬೆಳೆದದ್ದು ದಂತಕಥೆಯಲ್ಲಿ, ನಾಟಕದಲ್ಲಿ. ಕೃಷ್ಣದೇವರಾಯ ಒಲಿದ ನರ್ತಕಿ ಚಿನ್ನಾದೇವಿಯ ಕಥೆ ಹಾಗಲ್ಲ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ರಾಜನ ಮೂವರು ಪ್ರಮುಖ ರಾಣಿಯರನ್ನು ಹೇಳುತ್ತಾನೆ. ಒಬ್ಬಳು ಒರಿಸ್ಸಾದ ದೊರೆಯ ಮಗಳು, ಇನ್ನೊಬ್ಬಳು ಶ್ರೀರಂಗಪಟ್ಟಣದ ಸಾಮಂತನ ಮಗಳು. ಮೂರನೆಯವಳು ರಾಜ ಯೌವನದಲ್ಲಿ ಒಲಿದಿದ್ದ ಗಣಿಕೆ; ಪಟ್ಟವೇರಿದರೆ ಮದುವೆಯಾಗುವೆನೆಂಬ ಮಾತನ್ನು ಅವಳು ಮೊದಲೇ ಪಡೆದಿದ್ದಳು, ದೊರೆಯಾದ ಮೇಲೆ ಅವನು ಆ ಮಾತನ್ನು ನಡೆಸಿಕೊಟ್ಟ.

1530ರ ದಶಕದಲ್ಲಿ ಬಂದ ಕುದುರೆ ವ್ಯಾಪಾರಿ ನ್ಯೂನಿಜ್ ಇದಕ್ಕೆ ಮಂತ್ರಿಯ ಭಾಗವನ್ನು ಸೇರಿಸುತ್ತಾನೆ. ರಾತ್ರಿ ಗುಟ್ಟಾಗಿ ಅವಳ ಮನೆಗೆ ಹೋಗುತ್ತಿದ್ದ ಹೊಸ ದೊರೆಯನ್ನು ತಿಮ್ಮರಸು ಹಿಂಬಾಲಿಸಿ ಬುದ್ಧಿ ಹೇಳಿದ. ಕೊಟ್ಟ ಮಾತಿನ ಸಂಗತಿ ತಿಳಿದ ಮೇಲೆ ಲೋಕ ಆಡಿಕೊಳ್ಳದ ಹಾಗೆ ತಾನೇ ಮುಂದೆ ನಿಂತು ದಾರಿ ಮಾಡಿಕೊಟ್ಟ. ಅವಳ ಪ್ರೀತಿಗಾಗಿ ರಾಜ ಹೊಸ ಪಟ್ಟಣವನ್ನೇ ಕಟ್ಟಿಸಿದನೆಂದು ಪಾಯಸ್ ಬರೆದಿದ್ದಾನೆ. ನಾಗಲಾಪುರವೆಂದು ಹೆಸರಾದ ಆ ಪಟ್ಟಣವೇ ಇಂದಿನ ಹೊಸಪೇಟೆ.

ಹಿಂದಿ ಚಿತ್ರದಲ್ಲಿ ಪ್ರೇಮಕ್ಕೆ ಅಡ್ಡ ನಿಲ್ಲುವವನು ಹೆತ್ತ ತಂದೆ. ಕನ್ನಡ ನಾಡಿನ ಈ ಕಥೆಯಲ್ಲಿ ತಂದೆಯ ಸ್ಥಾನದಲ್ಲಿದ್ದ ಮಂತ್ರಿ ಗದರಿಸುತ್ತಾನೆ, ಕೇಳುತ್ತಾನೆ, ಕೊನೆಗೆ ಒಪ್ಪುತ್ತಾನೆ. ದೊರೆಯ ಬಾಯಲ್ಲಿ ತಿಮ್ಮರಸು ‘ಅಪ್ಪಾಜಿ’ಯಾದದ್ದಕ್ಕೆ ಇಷ್ಟು ಆಳವಿದೆ. ಚಿತ್ರದ ಜೀವಾಳವೂ ಇವರಿಬ್ಬರ ನಂಟೇ.

ನಿರ್ದೇಶಕ

ಪಂತುಲು (1910–1974) ಪದ್ಮಿನಿ ಪಿಕ್ಚರ್ಸ್ ಸಂಸ್ಥೆಯ ಮೂಲಕ ಕನ್ನಡ ಮತ್ತು ತಮಿಳಿನಲ್ಲಿ ಚಿತ್ರಗಳನ್ನು ತೆಗೆದರು. ತಮಿಳಿನ ‘ವೀರಪಾಂಡಿಯ ಕಟ್ಟಬೊಮ್ಮನ್’ (1959), ‘ಕರ್ಣನ್’ (1964), ಕನ್ನಡದ ‘ಕಿತ್ತೂರು ಚೆನ್ನಮ್ಮ’ (1961) ಅವರವೇ. ಚರಿತ್ರೆ ಮತ್ತು ಪುರಾಣಗಳನ್ನು ದೊಡ್ಡ ಪ್ರಮಾಣದಲ್ಲಿ ತೆರೆಗೆ ತರುವ ಆ ಅನುಭವ ಈ ಚಿತ್ರದ ಹಿಂದಿದೆ. ಇದೇ ವಸ್ತುವನ್ನು ತೆಲುಗಿನಲ್ಲಿ ‘ಮಹಾಮಂತ್ರಿ ತಿಮ್ಮರುಸು’ (1962) ಬಳಸಿಕೊಂಡಿತ್ತು; ಅದರಲ್ಲಿ ರಾಯನ ಪಾತ್ರ ಎನ್. ಟಿ. ರಾಮರಾವ್ ಅವರದು.

ಸಂಗೀತ

‘ಸ್ಕೂಲ್ ಮಾಸ್ಟರ್’, ‘ಕಿತ್ತೂರು ಚೆನ್ನಮ್ಮ’ ಚಿತ್ರಗಳಿಂದಲೂ ಪಂತುಲು ಅವರ ಜೊತೆಗಾರರಾಗಿದ್ದ ಲಿಂಗಪ್ಪ ಇಲ್ಲಿ ಕರ್ನಾಟಕ ಸಂಗೀತದ ನೆಲೆಯನ್ನು ಬಿಟ್ಟುಕೊಡದೆ, ಯಾರು ಬೇಕಾದರೂ ಗುನುಗಬಹುದಾದ ಧಾಟಿಗಳನ್ನು ಕಟ್ಟಿದರು. ‘ಮೊಘಲ್-ಎ-ಆಜಂ’ನಲ್ಲಿ ನೌಷಾದ್ ಅವರು ಮೊಘಲ್ ಆಸ್ಥಾನಕ್ಕೆ ಹಿಂದೂಸ್ತಾನಿ ರಾಗಗಳನ್ನು ತಂದು, ತಾನ್‌ಸೇನನ ಹಾಡಿಕೆಗೆ ಬಡೇ ಗುಲಾಮ್ ಅಲಿ ಖಾನರ ಕಂಠವನ್ನೇ ಪಡೆದಿದ್ದರು. ವಿಜಯನಗರದ ಕಥೆಗೆ ದಕ್ಷಿಣದ ಪದ್ಧತಿಯೇ ಸಹಜ. ಕರ್ನಾಟಕ ಸಂಗೀತದ ಪಿತಾಮಹರೆನಿಸಿದ ಪುರಂದರದಾಸರೂ ಆ ಕಾಲದವರೇ.

ರಾಜ್‌ಕುಮಾರ್ ಆಗಿನ್ನೂ ತಮ್ಮ ಹಾಡುಗಳನ್ನು ತಾವೇ ಹಾಡುತ್ತಿರಲಿಲ್ಲ. ಅವರ ದನಿ ಪಿ. ಬಿ. ಶ್ರೀನಿವಾಸ್. ಒಲಿದು ಬಂದ ಸಂಗಾತಿಯನ್ನು ಹಲವು ಜನ್ಮಗಳ ಪೂಜೆಯ ಫಲವೆಂದು ಭಾವಿಸುವ, ಶ್ರೀನಿವಾಸ್ ಮತ್ತು ಪಿ. ಸುಶೀಲ ಹಾಡಿದ ಯುಗಳಗೀತೆ ಕನ್ನಡದ ಅತ್ಯುತ್ತಮ ಪ್ರೇಮಗೀತೆಗಳ ಸಾಲಿಗೆ ಸೇರುತ್ತದೆ. ಅದರ ನಿಧಾನಗತಿ ಮತ್ತು ತಗ್ಗಿದ ದನಿಗಳಲ್ಲಿ ಒಲವು ಆರಾಧನೆಯಾಗುತ್ತದೆ. ತಿರುಪತಿಯ ವೆಂಕಟೇಶನನ್ನು ಗಾಯಕಿಯರ ಕಂಠಗಳಲ್ಲಿ ಸ್ತುತಿಸುವ ಗೀತೆಯಂತೂ ಚಿತ್ರವನ್ನು ದಾಟಿ ಮನೆಮನೆಯ ಭಕ್ತಿಗೀತೆಯಾಗಿದೆ.

ಕುಣಿತಕ್ಕೂ ಚರಿತ್ರೆಯ ಆಸರೆಯಿದೆ. ಅರಮನೆಯ ಹೆಣ್ಣುಮಕ್ಕಳು ನೃತ್ಯ ಕಲಿಯುತ್ತಿದ್ದ ಶಾಲೆಯನ್ನು ಪಾಯಸ್ ವರ್ಣಿಸಿದ್ದಾನೆ. ಪ್ರತಿ ನರ್ತನ ಯಾವ ಭಂಗಿಯಲ್ಲಿ ಮುಗಿಯಬೇಕೆಂಬುದನ್ನು ಮರೆಯದಿರಲು ಅಲ್ಲಿ ಶಿಲ್ಪಗಳನ್ನು ಕೆತ್ತಲಾಗಿತ್ತಂತೆ.

ಸ್ಥಾನ

‘ರಣಧೀರ ಕಂಠೀರವ’ (1960), ‘ಇಮ್ಮಡಿ ಪುಲಿಕೇಶಿ’ (1967), ‘ಮಯೂರ’ (1975) ಚಿತ್ರಗಳ ಜೊತೆಗೆ ಇದು ಕನ್ನಡಿಗರಿಗೆ ತಮ್ಮ ಅರಸರನ್ನು ಕಣ್ಣಮುಂದೆ ತಂದಿತು.

ಚಿತ್ರದಲ್ಲಿ ಸ್ತುತಿಗೊಂಡ ದೇವರ ತಿರುಮಲೆಯ ಗುಡಿಯಲ್ಲಿ ಇಂದಿಗೂ ಕೃಷ್ಣದೇವರಾಯ ಕೈಮುಗಿದು ನಿಂತ ಲೋಹಪ್ರತಿಮೆಯಿದೆ. ಅವನ ಒಂದು ಪಕ್ಕದಲ್ಲಿ ಪಟ್ಟದರಸಿ ತಿರುಮಲಾದೇವಿ, ಇನ್ನೊಂದು ಪಕ್ಕದಲ್ಲಿ ಚಿನ್ನಾದೇವಿ. ಯೌವನದಲ್ಲಿ ಕೊಟ್ಟ ಮಾತು ಅಲ್ಲಿ ಪಟ್ಟದರಸಿಗೆ ಸಮಸಮನಾಗಿ ನಿಂತಿದೆ.