ಟೈಬೀರಿಯಸನ ನಾಣ್ಯಗಳು ಮತ್ತು ಮೇಷ್ಟ್ರು ಕೇಳಿದ ಪ್ರಶ್ನೆ

ಸುವರ್ಣ ಮಹೋತ್ಸವ ಸಮಿತಿಯವರು ಫೋನ್ ಮಾಡಿ, “ನೀವು ರೋಮನ್ ನಾಣ್ಯ ಸಂಗ್ರಹ ಮಾಡ್ತೀರಂತೆ, ಸಂಚಿಕೆಗೆ ಅದರ ಬಗ್ಗೆಯೇ ಒಂದು ಲೇಖನ ಕೊಡಿ” ಎಂದಾಗ ಸಂತೋಷದ ಜೊತೆಗೆ ಸ್ವಲ್ಪ ಅಳುಕೂ ಆಯಿತು. ಈ ಹವ್ಯಾಸದ ಮೂಲ ಇರುವುದು ನಮ್ಮ ಶಾಲೆಯಲ್ಲೇ. ಆ ಮೂಲದಲ್ಲಿ ನಾನು ಹೇಳಿದ ಒಂದು ಸುಳ್ಳೂ ಇದೆ. ಎರಡನ್ನೂ ಬರೆಯದೆ ಲೇಖನ ಪೂರ್ತಿಯಾಗುವುದಿಲ್ಲ.

ನಾನು ಈ ಶಾಲೆಯ ಎರಡನೆಯ ತಂಡದ ವಿದ್ಯಾರ್ಥಿ. ಒಂಬತ್ತನೇ ತರಗತಿಯಲ್ಲಿದ್ದಾಗ ಸಮಾಜ ವಿಜ್ಞಾನದ ಮೇಷ್ಟ್ರು ನಮ್ಮನ್ನೆಲ್ಲ ಚಿತ್ರದುರ್ಗದ ಚಂದ್ರವಳ್ಳಿಗೆ ಒಂದು ದಿನದ ಪ್ರವಾಸಕ್ಕೆ ಕರೆದೊಯ್ದರು. ಕೆರೆಯ ದಂಡೆಯಲ್ಲಿ ಚಿತ್ರಾನ್ನದ ಪೊಟ್ಟಣ ಬಿಚ್ಚುವ ಮೊದಲು ಮಯೂರಶರ್ಮನ ಶಾಸನ ತೋರಿಸಿದರು. ಆಮೇಲೆ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಹಾಗೇ ಉಳಿಯಿತು: “ಇಲ್ಲಿ ಅಗೆದಾಗ ರೋಮ್ ಚಕ್ರವರ್ತಿಯ ಬೆಳ್ಳಿ ನಾಣ್ಯ ಸಿಕ್ಕಿದೆ ಕಣ್ರೋ. ರೋಮ್ ಎಲ್ಲಿ, ಚಂದ್ರವಳ್ಳಿ ಎಲ್ಲಿ!”

ಆ ದಿನ ನನ್ನ ಚಡ್ಡಿಯ ಜೇಬಿನಲ್ಲಿ ಒಂದು ಬೂದು ಬಣ್ಣದ ಬಿಲ್ಲೆ ಇತ್ತು. ಮಳೆಗಾಲಕ್ಕೆ ಮುಂಚೆ ಅಪ್ಪನ ಹಿಂದೆ ನೇಗಿಲ ಸಾಲಿನಲ್ಲಿ ನಡೆಯುವಾಗ ಸಿಕ್ಕಿದ್ದು. ವಾಪಸು ಬಂದ ಮಾರನೆಯ ದಿನ ಮೇಷ್ಟ್ರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಒಂದು ಕಡೆ ಗೂಳಿಯಂಥ ಆಕೃತಿ ಮಸುಕಾಗಿ ಕಾಣುತ್ತಿತ್ತು. “ಇದು ಸೀಸ ಕಣೋ. ಶಾತವಾಹನರ ಕಾಲದ್ದೂ ಇರಬಹುದು. ಎಲ್ಲಿ ಸಿಕ್ತು?” ಎಂದು ಕೇಳಿದರು.

ಹೊಲದಲ್ಲಿ ಏನಾದರೂ ಸಿಕ್ಕರೆ ಗೌರ್ಮೆಂಟಿನವರು ಬಂದು ಬೇಲಿ ಹಾಕುತ್ತಾರೆ, ಹೊಲ ಹೋಗುತ್ತದೆ ಎಂದು ಊರಲ್ಲಿ ದೊಡ್ಡವರು ಮಾತಾಡುವುದನ್ನು ಕೇಳಿದ್ದೆ. ಭಯವಾಯಿತು. “ನಮ್ಮಜ್ಜಿ ಪೆಟ್ಟಿಗೇಲಿತ್ತು ಸಾರ್” ಎಂದುಬಿಟ್ಟೆ. ಮೇಷ್ಟ್ರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, “ಹೋಗಲಿ ಬಿಡು. ಆದರೆ ಒಂದು ನೆನಪಿಟ್ಕೋ, ಎಲ್ಲಿ ಸಿಕ್ತು ಅನ್ನೋದು ಗೊತ್ತಿಲ್ಲದಿದ್ರೆ ನಾಣ್ಯಕ್ಕೆ ಅರ್ಧ ಬೆಲೆ ಹೋಯ್ತು” ಎಂದರು. ಮುಂದೆ ಒಂದು ತಿಂಗಳೊಳಗೆ ದೊಡ್ಡಪ್ಪನ ಮಗ ಅದನ್ನು ಬೇರೆ ಸೀಸದ ಚೂರುಗಳ ಜೊತೆ ಕರಗಿಸಿ ಮೀನಿನ ಬಲೆಗೆ ಗುಂಡು ಮಾಡಿಕೊಂಡ. ನಾನು ಸುಮ್ಮನಿದ್ದೆ.

ಓದು ಮುಗಿಸಿ, ಕಂಪನಿಯ ಕೆಲಸದ ಮೇಲೆ ಇಂಗ್ಲೆಂಡಿಗೆ ಹೋಗಿ ಹಲವು ವರ್ಷ ಅಲ್ಲೇ ಇದ್ದೆ. ಒಂದು ಭಾನುವಾರ ನಾಣ್ಯಗಳ ಮೇಳಕ್ಕೆ ಹೋದಾಗ ಗಾಜಿನ ಕೆಳಗೆ ಬೆಳ್ಳಿ ನಾಣ್ಯಗಳ ಒಂದು ಸಾಲು ಕಂಡಿತು. ಚೀಟಿಯಲ್ಲಿ ‘ಟೈಬೀರಿಯಸ್’ ಎಂದಿತ್ತು. ಚಂದ್ರವಳ್ಳಿಯಲ್ಲಿ ಸಿಕ್ಕಿದ್ದು ಇದೇ ಚಕ್ರವರ್ತಿಯ ನಾಣ್ಯ ಎಂಬುದನ್ನು ಅಷ್ಟು ಹೊತ್ತಿಗೆ ಓದಿ ತಿಳಿದಿದ್ದೆ. ಒಂದು ತಿಂಗಳ ಉಳಿತಾಯ ಕೊಟ್ಟು ಒಂದನ್ನು ಕೊಂಡೆ. ಅಲ್ಲಿಂದ ಶುರುವಾದ ಸಂಗ್ರಹ ಇದು. ಬೇರೆ ಚಕ್ರವರ್ತಿಗಳ ಕಡೆ ನಾನು ಹೋಗಲಿಲ್ಲ.

ಟೈಬೀರಿಯಸ್ ರೋಮಿನ ಎರಡನೆಯ ಚಕ್ರವರ್ತಿ. ಆಗಸ್ಟಸನ ದತ್ತು ಮಗ. ಕ್ರಿ.ಶ. 14ರಿಂದ 37ರವರೆಗೆ ಆಳಿದ. ಅವನ ಬೆಳ್ಳಿ ನಾಣ್ಯಕ್ಕೆ ಡಿನೇರಿಯಸ್ ಎಂದು ಹೆಸರು. ನಮ್ಮ ಪುರಾಣ, ಕಥೆಗಳಲ್ಲಿ ಬರುವ ‘ದೀನಾರ’ ಈ ಶಬ್ದದಿಂದಲೇ ಬಂದದ್ದು. ಅಗಲದಲ್ಲಿ ನಮ್ಮ ಹಳೆಯ 25 ಪೈಸೆಯಷ್ಟು. ತೂಕ ಸುಮಾರು 3.7 ಗ್ರಾಂ. ಒಂದು ಕಡೆ ಚಕ್ರವರ್ತಿಯ ಮುಖ, ಸುತ್ತ ‘ದೈವತ್ವ ಪಡೆದ ಆಗಸ್ಟಸನ ಮಗ’ ಎಂಬ ಅರ್ಥದ ಬರಹ. ಇನ್ನೊಂದು ಕಡೆ ಕುರ್ಚಿಯ ಮೇಲೆ ಕುಳಿತ ಹೆಂಗಸು, ಕೈಯಲ್ಲಿ ದಂಡ ಮತ್ತು ರೆಂಬೆ. ಆಕೆ ಅವನ ತಾಯಿ ಲಿವಿಯಾ ಎಂದು ಹಲವರು ಹೇಳುತ್ತಾರೆ. ಬೈಬಲ್ಲಿನಲ್ಲಿ ಏಸುವಿಗೆ ತೋರಿಸಿದ ತೆರಿಗೆಯ ನಾಣ್ಯ ಇದೇ ಎಂಬ ನಂಬಿಕೆ ಇರುವುದರಿಂದ ಪಶ್ಚಿಮದಲ್ಲಿ ಇದಕ್ಕೆ ಬೇಡಿಕೆ ಹೆಚ್ಚು.

ಇದೊಂದೇ ಚಿತ್ರವನ್ನು ಅವನ ಟಂಕಸಾಲೆ ಇಪ್ಪತ್ತು ವರ್ಷದ ಆಸುಪಾಸು ಬದಲಿಸದೆ ಅಚ್ಚು ಹಾಕಿತು. ಒಬ್ಬನೇ ಚಕ್ರವರ್ತಿಯ ನಾಣ್ಯ ಸಂಗ್ರಹಿಸುವುದು ಬೇಸರದ ಕೆಲಸ ಎಂದು ಗೆಳೆಯರು ನಗುತ್ತಿದ್ದರು. ಆದರೆ ಹತ್ತಿರದಿಂದ ನೋಡಿದರೆ ಯಾವುದೂ ಒಂದೇ ತರಹ ಇಲ್ಲ. ಕೆಲವದರಲ್ಲಿ ಕುರ್ಚಿಯ ಕಾಲು ಸಾದಾ, ಕೆಲವದರಲ್ಲಿ ಕುಸುರಿಯದು. ಕಾಲಡಿ ಒಂದು ಗೆರೆ, ಇನ್ನೊಂದರಲ್ಲಿ ಎರಡು. ಕೈಯಲ್ಲಿರುವುದು ಒಮ್ಮೆ ರಾಜದಂಡ, ಒಮ್ಮೆ ಈಟಿ. ಯಾವುದು ಮೊದಲಿನದು, ಯಾವುದು ಆಮೇಲಿನದು ಎಂದು ವಿದ್ವಾಂಸರು ಗುರುತಿಸುವುದು ಇಂಥ ಸಣ್ಣ ವ್ಯತ್ಯಾಸಗಳಿಂದ. ಒಳಗೆ ತಾಮ್ರ, ಹೊರಗೆ ಬೆಳ್ಳಿಯ ತೆಳು ಹೊದಿಕೆ ಇರುವ ಅಂದಿನ ಕಾಲದ ಖೋಟಾ ನಾಣ್ಯವೂ ನನ್ನಲ್ಲಿ ಒಂದಿದೆ. ಅಂಚು ಸವೆದ ಕಡೆ ತಾಮ್ರ ಇಣುಕುತ್ತದೆ.

ನನಗೆ ಅತಿ ಪ್ರಿಯವಾದದ್ದು ಬೆಳ್ಳಿಯದಲ್ಲ, ಸವೆದುಹೋದ ಒಂದು ದೊಡ್ಡ ಹಿತ್ತಾಳೆ ನಾಣ್ಯ. ಕ್ರಿ.ಶ. 17ರಲ್ಲಿ ಇಂದಿನ ಟರ್ಕಿಯ ಪಶ್ಚಿಮ ಭಾಗದಲ್ಲಿ ಒಂದೇ ರಾತ್ರಿ ಭೂಕಂಪದಿಂದ 12 ಪಟ್ಟಣಗಳು ಕುಸಿದವು. ಟೈಬೀರಿಯಸ್ ಹಣ ಕೊಟ್ಟ. ಹೆಚ್ಚು ಹಾನಿಯಾದ ಸಾರ್ಡಿಸ್ ಪಟ್ಟಣಕ್ಕೆ ಐದು ವರ್ಷ ತೆರಿಗೆ ಬಿಟ್ಟ. ‘ಏಷ್ಯಾದ ಪಟ್ಟಣಗಳು ಮತ್ತೆ ಎದ್ದವು’ ಎಂಬ ಅರ್ಥದ ಮಾತು ಈ ನಾಣ್ಯದ ಮೇಲಿದೆ. ಕ್ರೂರಿ, ಸಂಶಯದ ಮನುಷ್ಯ ಎಂದು ಇತಿಹಾಸಕಾರರು ಬರೆದವನ ಇನ್ನೊಂದು ಮುಖ ಇದು.

ಇನ್ನು ಈ ರೋಮನ್ ಬೆಳ್ಳಿ ನಮ್ಮ ನೆಲಕ್ಕೆ ಬಂದದ್ದು ಹೇಗೆ? ಮುಖ್ಯವಾಗಿ ಮೆಣಸಿನಿಂದ. ಮಾನ್ಸೂನ್ ಗಾಳಿ ಹಿಡಿದು ಈಜಿಪ್ಟಿನ ಕೆಂಪು ಸಮುದ್ರದ ಬಂದರುಗಳಿಂದ ಹೊರಟ ಹಡಗುಗಳು ಕೇರಳದ ಮುಜಿರಿಸ್‌ವರೆಗೆ ಬರುತ್ತಿದ್ದವು. ಮೆಣಸು, ಮುತ್ತು, ರತ್ನ, ನಯವಾದ ಬಟ್ಟೆ ಇಲ್ಲಿಂದ ಹೋದರೆ, ಚಿನ್ನ ಬೆಳ್ಳಿ ನಾಣ್ಯ ಅಲ್ಲಿಂದ ಬರುತ್ತಿತ್ತು. ಭಾರತಕ್ಕೆ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಹರಿದು ಹೋಗುತ್ತಿದೆ ಎಂದು ಪ್ಲಿನಿ ಬರೆದಿದ್ದಾನೆ. ನಾಲ್ಕು ಸೆಸ್ಟರ್ಸ್ ಎಂದರೆ ಒಂದು ಡಿನೇರಿಯಸ್. ಸ್ವತಃ ಟೈಬೀರಿಯಸನೂ ಕ್ರಿ.ಶ. 22ರಲ್ಲಿ ಸೆನೆಟ್ಟಿಗೆ ಬರೆದ ಪತ್ರದಲ್ಲಿ, ಹೆಂಗಸರ ರತ್ನಗಳ ಆಸೆಗೆ ನಮ್ಮ ಹಣ ಪರದೇಶಕ್ಕೆ ಹೋಗುತ್ತಿದೆ ಎಂದು ಕೊರಗಿದ್ದ. ಹೀಗೆ ಕೊರಗಿದವನ ಮುಖವೇ ದಕ್ಷಿಣ ಭಾರತದ ಬೆಳ್ಳಿ ನಿಧಿಗಳಲ್ಲಿ ಹೇರಳವಾಗಿ ಸಿಗುತ್ತದೆ! ತೆಲಂಗಾಣದ ನಲ್ಗೊಂಡ ಜಿಲ್ಲೆಯ ಅಕ್ಕನಪಲ್ಲಿಯಲ್ಲಿ ಸಿಕ್ಕ ನಿಧಿಯಲ್ಲಿ 1531 ಬೆಳ್ಳಿ ನಾಣ್ಯಗಳಿದ್ದವು. ಅದರಲ್ಲಿ ಬಹುಪಾಲು ಆಗಸ್ಟಸ್ ಮತ್ತು ಟೈಬೀರಿಯಸರವು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163 ಬೆಳ್ಳಿ ನಾಣ್ಯಗಳು ದೊರೆತವು. ಅವುಗಳಲ್ಲಿ ಆಗಸ್ಟಸ್, ಟೈಬೀರಿಯಸರ ಜೊತೆ ಅವರ ನಂತರದ ಕ್ಲಾಡಿಯಸನ ನಾಣ್ಯಗಳೂ ಇದ್ದವು.

ಇವರ ನಾಣ್ಯವನ್ನು ನಮ್ಮವರು ಯಾಕೆ ಇಷ್ಟಪಟ್ಟರು? ಪ್ಲಿನಿ ಒಂದು ಕಥೆ ಹೇಳುತ್ತಾನೆ. ಗಾಳಿಗೆ ಸಿಕ್ಕಿ ಸಿಂಹಳಕ್ಕೆ ಬಂದ ಒಬ್ಬ ರೋಮನ್ನನ ಹತ್ತಿರ ಇದ್ದ ನಾಣ್ಯಗಳನ್ನು ಅಲ್ಲಿನ ರಾಜ ನೋಡಿದನಂತೆ. ಮುಖಗಳು ಬೇರೆ ಬೇರೆ, ತೂಕ ಮಾತ್ರ ಒಂದೇ. ಇವರು ಪ್ರಾಮಾಣಿಕ ಜನ ಎಂದು ಮೆಚ್ಚಿದನಂತೆ. ಕ್ರಿ.ಶ. 64ರಲ್ಲಿ ನೀರೋ ಚಕ್ರವರ್ತಿ ತೂಕವನ್ನೂ ಬೆಳ್ಳಿಯ ಅಂಶವನ್ನೂ ಇಳಿಸಿದ. ಅದರಿಂದ ಹಳೆಯ ಟೈಬೀರಿಯಸ್ ನಾಣ್ಯವನ್ನೇ ಆರಿಸಿ ಭಾರತಕ್ಕೆ ತರುವುದು ಆಮೇಲೂ ನಡೆಯಿತು ಎಂಬ ಅಭಿಪ್ರಾಯವಿದೆ.

ಮೇಷ್ಟ್ರ ಪ್ರಶ್ನೆ ನನ್ನನ್ನು ಮತ್ತೆ ಹಿಡಿದದ್ದು ಇಲ್ಲೇ. ಟೈಬೀರಿಯಸನ ಮುಖ ಇದೆ ಎಂದ ಮಾತ್ರಕ್ಕೆ ಆ ನಾಣ್ಯ ಅವನ ಕಾಲದಲ್ಲೇ ಇಲ್ಲಿಗೆ ಬಂತು ಎನ್ನಲಾಗದು. ಅದರ ಜೊತೆ ಏನಿತ್ತು, ಯಾವ ಪದರದಲ್ಲಿತ್ತು ಎಂದು ಗೊತ್ತಿದ್ದರೆ ಮಾತ್ರ ಹೇಳಬಹುದು. ಯಶವಂತಪುರದ ಗಂಟು ಕ್ಲಾಡಿಯಸನ ಕಾಲಕ್ಕಿಂತ ಮುಂಚೆ ಹೂತದ್ದಲ್ಲ ಎಂದು ನಾವು ಹೇಳಬಲ್ಲೆವು, ಏಕೆಂದರೆ ಅವನ ನಾಣ್ಯ ಜೊತೆಗಿತ್ತು. ಅವು ಬೇರೆ ಬೇರೆ ಕೈ ಸೇರಿದ್ದರೆ ಈ ಮಾತು ಹೇಳಲು ಆಗುತ್ತಿರಲಿಲ್ಲ.

ಚಂದ್ರವಳ್ಳಿಯದು ಇನ್ನೂ ದೊಡ್ಡ ಪಾಠ. ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಅವರು ಅಲ್ಲಿ ಮೊದಲು ಉತ್ಖನನ ಮಾಡಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನೂ ಚಂದ್ರವಳ್ಳಿಯನ್ನೂ ಅಗೆಸಿದರು. ಶಾತವಾಹನರ ಕಾಲದ ಸೀಸದ ನಾಣ್ಯ, ಮಡಕೆ ಚೂರುಗಳ ನಡುವೆ ಟೈಬೀರಿಯಸನ ಬೆಳ್ಳಿ ನಾಣ್ಯ ಸಿಕ್ಕಿದ್ದರಿಂದ ಆ ಬಗೆಯ ಮಡಕೆಗಳ ಕಾಲವನ್ನು ಕ್ರಿ.ಶ. 1ನೇ ಶತಮಾನದ ಸುತ್ತ ನಿಲ್ಲಿಸಲು ಆಧಾರ ಸಿಕ್ಕಿತು. ಅದೇ ಬಗೆಯ ಮಡಕೆ ಬೇರೆ ಕಡೆ ಸಿಕ್ಕಾಗ ಅಲ್ಲಿನ ಕಾಲವನ್ನೂ ಅಂದಾಜು ಮಾಡುವ ದಾರಿ ತೆರೆಯಿತು. ತೆರೆದ ಗುಂಡಿಯಲ್ಲಿ ಗುರುತು ಹಾಕಿ ತೆಗೆದ ಪುಟ್ಟ ನಾಣ್ಯವೊಂದು ನಮ್ಮ ನಾಡಿನ ಪಂಚಾಂಗಕ್ಕೆ ಒಂದು ಮೊಳೆ ಹೊಡೆಯಿತು.

ನನ್ನ ಸಂಗ್ರಹದಲ್ಲಿರುವ ಟೈಬೀರಿಯಸನ ನಾಣ್ಯಗಳು 11. ಚಂದ್ರವಳ್ಳಿಯದಕ್ಕಿಂತ ಚೆನ್ನಾಗಿ ಉಳಿದಿರುವಂಥವೂ ಇರಬಹುದು. ಆದರೆ ಒಂದಕ್ಕೂ ಊರಿಲ್ಲ. ಮಾರಿದವರನ್ನು ಕೇಳಿದರೆ “ಹಳೆಯ ಸಂಗ್ರಹದಿಂದ ಬಂದದ್ದು” ಎಂಬ ಉತ್ತರವೇ. ಇಂಗ್ಲೆಂಡಿನಲ್ಲಿ 1997ರಿಂದ ಒಂದು ಒಳ್ಳೆಯ ಪದ್ಧತಿ ಇದೆ. ಹೊಲದಲ್ಲಿ ನಾಣ್ಯ ಸಿಕ್ಕವರು ಅದಕ್ಕಾಗಿಯೇ ನೇಮಿಸಿದ ಅಧಿಕಾರಿಗೆ ತೋರಿಸಿ, ಜಾಗವನ್ನು ದಾಖಲಿಸುತ್ತಾರೆ. ನಿಧಿ ಎಂದು ಘೋಷಿತವಾಗದ ಸಾಮಾನ್ಯ ವಸ್ತುವನ್ನು ಅವರಿಗೇ ಹಿಂದಿರುಗಿಸುತ್ತಾರೆ. ಆ ದಾಖಲೆಗಳನ್ನು ನೋಡಿದ ಮೇಲೆ ನಾನು ಹೊಸದಾಗಿ ಕೊಳ್ಳುವುದನ್ನು ನಿಲ್ಲಿಸಿದೆ. ಈಗ ಅವು ಅಲ್ಲಿರುವ ಮಗಳ ಮನೆಯಲ್ಲಿವೆ. ನಾನು ಊರಿಗೆ ಬಂದಿದ್ದೇನೆ.

ಊರಿನ ಹಿರಿಯರಲ್ಲಿ, ತಮ್ಮಂದಿರಲ್ಲಿ, ಇಂದು ಇದೇ ಬೆಂಚುಗಳಲ್ಲಿ ಕೂತಿರುವ ಮಕ್ಕಳಲ್ಲಿ ನನ್ನದೊಂದು ವಿನಂತಿ. ಉಳುವಾಗ, ಪಾಯ ತೋಡುವಾಗ, ಕೆರೆ ಹೂಳು ಎತ್ತುವಾಗ ಹಳೆಯ ನಾಣ್ಯ, ಮಣಿ, ಬರಹದ ಕಲ್ಲು ಸಿಕ್ಕರೆ ಉಜ್ಜಿ ತೊಳೆಯಬೇಡಿ, ಕರಗಿಸಬೇಡಿ, ಹಂಚಿಕೊಳ್ಳಬೇಡಿ. ಇದ್ದ ಜಾಗದಲ್ಲೇ ಒಂದು ಫೋಟೊ ತೆಗೆಯಿರಿ. ಶಾಲೆಯ ಮೇಷ್ಟ್ರಿಗೆ ತಿಳಿಸಿ, ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗಳಿಗೆ ಮತ್ತು ಪುರಾತತ್ವ ಇಲಾಖೆಗೆ ಸುದ್ದಿ ಮುಟ್ಟಿಸಿ. ನಿಧಿಯ ಕಾನೂನು ಲೆಕ್ಕ ಕೇಳುವುದು ಸಿಕ್ಕ ವಸ್ತುವಿಗೆ, ಹೊಲಕ್ಕಲ್ಲ. ಮುಚ್ಚಿಟ್ಟರೆ ಮಾತ್ರ ತಪ್ಪು. ಶಾಲೆಯಲ್ಲಿ ಒಂದು ದಪ್ಪ ರಿಜಿಸ್ಟರ್ ಇಟ್ಟು, ಇಂಥ ಪ್ರತಿಯೊಂದಕ್ಕೂ ದಿನಾಂಕ, ಜಾಗ, ಜೊತೆಯಲ್ಲಿ ಏನಿತ್ತು ಎಂದು ಬರೆದಿಡಬೇಕೆಂದು ಮುಖ್ಯೋಪಾಧ್ಯಾಯರಲ್ಲಿ ಕೇಳಿಕೊಂಡಿದ್ದೇನೆ. ಅವರು ಒಪ್ಪಿದ್ದಾರೆ. ರಿಜಿಸ್ಟರನ್ನು ನಾನೇ ತಂದುಕೊಟ್ಟಿದ್ದೇನೆ.

ಮೊದಲನೆಯ ನಮೂದನ್ನೂ ನಾನೇ ಬರೆದೆ: ಸೀಸದ ಬಿಲ್ಲೆ ಒಂದು, ಒಂದು ಬದಿಯಲ್ಲಿ ಗೂಳಿಯಂಥ ಆಕೃತಿ. ಈಗ ಇಲ್ಲ, ಕರಗಿಸಲಾಗಿದೆ. ಸಿಕ್ಕ ಜಾಗ, ಕೆರೆ ಏರಿಯ ಹಿಂದಿನ ನಮ್ಮ ಹೊಲದ ಮೂಡಣ ಬದುವಿನ ಹತ್ತಿರ, ಹುಣಸೇಮರದಿಂದ ಸುಮಾರು ಇಪ್ಪತ್ತು ಹೆಜ್ಜೆ.

ಮೇಷ್ಟ್ರು ಈಗ ಇಲ್ಲ. ಅವರು ಕೇಳಿದ ಪ್ರಶ್ನೆಗೆ ಉತ್ತರ ಇದು, ತಡವಾಗಿ.