ಕರಿಕಲ್ಲಿನ ಸಾಕ್ಷ್ಯ: ಡಿಕ್ಕಿಗೆ ಮುಂಚಿನ ಭಾರತ ಎಲ್ಲಿತ್ತು?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ನೆಲಗಟ್ಟು ಗ್ರಾನೈಟ್ ಮತ್ತು ನೈಸ್ ಶಿಲೆಗಳದು. ರಾಮನಗರದಿಂದ ಉತ್ತರಕ್ಕೆ ಸುಮಾರು 400 ಕಿ.ಮೀ. ಚಾಚಿದ, ಸುಮಾರು 251 ಕೋಟಿ ವರ್ಷ ಹಳೆಯ ಕ್ಲೋಸ್‌ಪೇಟ್ ಗ್ರಾನೈಟಿನ ಉತ್ತರದ ಭಾಗವೂ ಇದರಲ್ಲಿ ಸೇರಿದೆ. ಈ ಬಂಡೆಗಳನ್ನು ಸೀಳಿಕೊಂಡು ಡಾಲರೈಟ್ ಶಿಲೆಯ ಕಪ್ಪು ಪಟ್ಟಿಗಳು, ಅಂದರೆ ಡೈಕುಗಳು, ಹಾಯ್ದಿವೆ. ಕಣ್ಣು ಸೆಳೆಯುವುದು ಗ್ರಾನೈಟ್ ಗುಡ್ಡಗಳೇ ಆದರೂ, ಭೂಖಂಡದ ಹಳೆಯ ನೆಲೆಯ ವಿಷಯದಲ್ಲಿ ಹೆಚ್ಚು ನಂಬಬಹುದಾದ ಸಾಕ್ಷಿ ಈ ಕರಿಕಲ್ಲು ಎಂಬುದು ನನ್ನ ವಾದ. ಗ್ರಾನೈಟ್ ಆಳದಲ್ಲಿ ಬಹುಕಾಲ ನಿಧಾನವಾಗಿ ಆರಿದ ಶಿಲೆ. ಅದರ ದಪ್ಪ ಮ್ಯಾಗ್ನೆಟೈಟ್ ಹರಳುಗಳು ಹಳೆಯ ಕಾಂತದಿಕ್ಕನ್ನು ಸುಲಭವಾಗಿ ಬಿಟ್ಟುಕೊಡುತ್ತವೆ. ಡೈಕು ಹಾಗಲ್ಲ. ಬಿರುಕಿಗೆ ನುಗ್ಗಿದ ಶಿಲಾರಸ ಬೇಗ ಆರುತ್ತದೆ, ಉಷ್ಣತೆ 580 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಂತೆ ಅದರ ಸಣ್ಣ ಹರಳುಗಳು ಅಂದಿನ ಭೂಕಾಂತದ ದಿಕ್ಕನ್ನು ಬಿಗಿಯಾಗಿ ಹಿಡಿದಿಡುತ್ತವೆ.

ಆ ದಿಕ್ಕಿನಿಂದ ಅಕ್ಷಾಂಶ ತಿಳಿಯುವ ಬಗೆ ಸರಳ. ಧ್ರುವದಲ್ಲಿ ಕಾಂತರೇಖೆ ನೆಟ್ಟಗೆ ನಿಲ್ಲುತ್ತದೆ, ಸಮಭಾಜಕದಲ್ಲಿ ಅಡ್ಡಲಾಗಿ ಮಲಗುತ್ತದೆ. ಬಾಗುಕೋನದ ಟ್ಯಾಂಜೆಂಟ್ ಅಕ್ಷಾಂಶದ ಟ್ಯಾಂಜೆಂಟಿನ ಎರಡರಷ್ಟು. ಇದೇ ಸೂತ್ರವನ್ನು ನೆಚ್ಚಿಕೊಂಡು 1950ರ ದಶಕದಲ್ಲಿ ಕೇಂಬ್ರಿಜ್‌ನ ಎಡ್ವರ್ಡ್ ಅರ್ವಿಂಗ್, ಲಂಡನ್ನಿನ ಕ್ಲೆಗ್, ಡಾಯ್ಚ್ ಮತ್ತು ಗ್ರಿಫಿತ್ಸ್ ಡೆಕ್ಕನ್ ಟ್ರ್ಯಾಪ್ ಲಾವಾವನ್ನು ಪರೀಕ್ಷಿಸಿದರು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಆ ಲಾವಾ ಹರಿದಾಗ ಭಾರತ ದಕ್ಷಿಣಾರ್ಧಗೋಳದಲ್ಲಿತ್ತು. ಏಷ್ಯಾಕ್ಕೆ ಬಡಿದು ಇಂದಿನ ನೆಲೆ ಸೇರುವಷ್ಟರಲ್ಲಿ ಅದು ಸುಮಾರು 5000 ಕಿ.ಮೀ. ಉತ್ತರಕ್ಕೆ ಸರಿದಿತ್ತು. ಖಂಡಗಳು ಚಲಿಸುತ್ತವೆ ಎಂಬುದನ್ನೇ ಬಹುಪಾಲು ಭೂವಿಜ್ಞಾನಿಗಳು ಒಪ್ಪದಿದ್ದ ಕಾಲದಲ್ಲಿ ಬಂದ ಫಲಿತಾಂಶವಿದು. ಆ ಧೈರ್ಯಕ್ಕೆ ಸಲ್ಲಬೇಕಾದ ಗೌರವ ನಮ್ಮ ಪಠ್ಯಪುಸ್ತಕಗಳಲ್ಲಿ ಇನ್ನೂ ಸಂದಿಲ್ಲ.

ಭೂಕಾಂತ ಇಂದಿಗೂ ಶುದ್ಧ ದ್ವಿಧ್ರುವವಲ್ಲವಲ್ಲ ಎಂಬ ಆಕ್ಷೇಪ ಸಹಜ. ನಿಜವೇ. ಕೊಪ್ಪಳದ ಅಕ್ಷಾಂಶಕ್ಕೆ ಸೂತ್ರದ ಪ್ರಕಾರ ಬಾಗು ಸುಮಾರು 29 ಡಿಗ್ರಿ ಇರಬೇಕು. ಕಾಂತ ಸಮಭಾಜಕ ಭಾರತದ ದಕ್ಷಿಣ ತುದಿಯ ಬಳಿಯೇ ಹಾಯುವುದರಿಂದ ಈಗ ಇಲ್ಲಿನ ಬಾಗು ಅದಕ್ಕಿಂತ ಸಾಕಷ್ಟು ಕಡಿಮೆ. ಆದರೆ ಈ ಏರುಪೇರು ಸಾವಿರಾರು ವರ್ಷಗಳ ಸರಾಸರಿಯಲ್ಲಿ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಆದ್ದರಿಂದಲೇ ಒಂದು ಡೈಕಿನ ಮಾತು ಸಾಲದು, ಬೇರೆ ಬೇರೆ ಸಮಯದಲ್ಲಿ ಆರಿದ ಹಲವು ಡೈಕುಗಳು ಬೇಕು. ಮುಂದೆ ಶಿಲೆ ಮತ್ತೆ ಕಾದು ಹೊಸ ದಿಕ್ಕು ಪಡೆದಿರಬಹುದಲ್ಲ ಎಂದರೆ, ಅದಕ್ಕೆ ಅಂಚಿನ ಪರೀಕ್ಷೆ ಇದೆ. ಡೈಕಿಗೆ ತಾಗಿ ಸುಟ್ಟ ಗ್ರಾನೈಟ್ ಡೈಕಿನ ದಿಕ್ಕನ್ನೇ ತೋರಿ, ದೂರದ ಗ್ರಾನೈಟ್ ಬೇರೆ ದಿಕ್ಕನ್ನು ತೋರಿದರೆ ಆ ನೆನಪು ಡೈಕು ಹುಟ್ಟಿದಾಗಿನದೇ. ಇನ್ನು ಆನೆಗೊಂದಿಯಂಥ ಬೋಳು ಬೆಟ್ಟಗಳ ನೆತ್ತಿಗೆ ಸಿಡಿಲು ಬಡಿದರೆ ಕಲ್ಲು ಕ್ಷಣದಲ್ಲಿ ಹೊಸದಾಗಿ ಕಾಂತಗೊಳ್ಳುತ್ತದೆ. ನೆತ್ತಿಯ ಕಲ್ಲಿಗಿಂತ ಕ್ವಾರಿಯ ಆಳದ ಗೋಡೆ ಮೇಲು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಕಾಲದ್ದು. ಬೆಂಗಳೂರಿನ ದಕ್ಷಿಣಕ್ಕಿರುವ ಹಾರೋಹಳ್ಳಿ ಡೈಕುಗಳಿಗೆ ಸುಮಾರು 82 ಕೋಟಿ ವರ್ಷ ಎಂದು ನಂಬಿ ಭಾರತದ ಅಂದಿನ ನೆಲೆಯನ್ನು ಗುರುತಿಸಲಾಗಿತ್ತು. 2008ರಲ್ಲಿ ಯುರೇನಿಯಂ-ಸೀಸ ವಿಧಾನ ಆ ವಯಸ್ಸನ್ನು 119 ಕೋಟಿಗೆ ಒಯ್ದಿತು. ಕಾಂತದಿಕ್ಕು ಅದೇ ಇದ್ದರೂ ಅದು ಹೇಳುತ್ತಿದ್ದ ಚರಿತ್ರೆಯೇ ಬದಲಾಯಿತು. ಇದರಿಂದ ವಿಧಾನ ಸೋತಿತೆಂದು ನಾನು ಭಾವಿಸುವುದಿಲ್ಲ. ದಿಕ್ಕು ಮತ್ತು ವಯಸ್ಸು ಎರಡೂ ಒಂದೇ ಕಲ್ಲಿನಿಂದ ಬರಬೇಕೆಂಬ ನಿಯಮ ಅಲ್ಲಿ ದೃಢವಾಯಿತು. ಡೈಕಿನೊಳಗಿನ ಬ್ಯಾಡೆಲೆಯೈಟ್ ಎಂಬ ಪುಟ್ಟ ಖನಿಜ ಆ ವಯಸ್ಸನ್ನು ಕೊಡುತ್ತದೆ. ಪೂರ್ವ-ಪಶ್ಚಿಮವಾಗಿ ಹಾಯುವ ಬೆಂಗಳೂರು ಡೈಕುಗಳಿಗೆ 2007ರಲ್ಲಿ ಹೀಗೆ ಸಿಕ್ಕ ವಯಸ್ಸು ಸುಮಾರು 236.5 ಕೋಟಿ ವರ್ಷ. ಅವುಗಳ ಕಾಂತದಿಕ್ಕು ಬಹಳ ಕಡಿದಾಗಿರುವುದರಿಂದ ಅವು ಹಾಯ್ದಿರುವ ಪ್ರಾಚೀನ ಧಾರವಾಡ ಭೂಖಂಡ ಆಗ ಧ್ರುವದ ಸಮೀಪ ಇತ್ತೆನ್ನಬೇಕು. ರೇಖಾಂಶವನ್ನು ಮಾತ್ರ ಕಾಂತತ್ವ ಹೇಳಲಾರದು. ಅದಕ್ಕೆ ಬೇರೆ ಖಂಡಗಳ ಸಮವಯಸ್ಕ ಡೈಕುಗಳೊಡನೆ ಹೋಲಿಕೆಯೇ ದಾರಿ. ಆ ಹೋಲಿಕೆಗೆ ಕೊಪ್ಪಳ ಸೀಮೆಯ ಪ್ರತಿಯೊಂದು ಕಪ್ಪು ಪಟ್ಟಿಯೂ ಬೇಕಾದ ಸಾಮಗ್ರಿ. ಕರಿಕಲ್ಲನ್ನು ಕತ್ತರಿಸಿ ಲಾರಿಗೆ ಏರಿಸುವ ಮೊದಲು, ಅದು ಇದ್ದ ಜಾಗದಲ್ಲೇ ದಿಕ್ಕು ಗುರುತು ಹಾಕಿದ ಒಂದಿಷ್ಟು ತುಂಡುಗಳನ್ನಾದರೂ ಕೊರೆದು ತೆಗೆದಿಡಬೇಕು; ಸ್ಥಳ ಬಿಟ್ಟು ಕದಲಿದ ಕಲ್ಲಿನಿಂದ ವಯಸ್ಸು ಸಿಕ್ಕೀತು, ದಿಕ್ಕು ಸಿಕ್ಕದು.